ಕಸಿ ಕಳ್ಳಿ ಮಾರುವ ಮುನ್ನ

ಹರದನಹಳ್ಳಿಯಂಥ ಬಿಸಿಲ ಸೀಮೆಯಲ್ಲಿ ಕಳ್ಳಿಗೆ ಆರೈಕೆಯೇ ಬೇಡ ಎಂದುಕೊಂಡು ಕಸಿ ಕಳ್ಳಿ ಮಾರಲು ಹೊರಟ ಹವ್ಯಾಸಿಗಳೇ, ಮೇಲಿನ ಬಣ್ಣಕ್ಕಿಂತ ಕೆಳಗಿನ ಕಾಂಡವನ್ನು ನೋಡಿ. ಮೇಲೆ ಕಸಿ ಮಾಡಿದ ಕೆಂಪು ಗುಂಡುಕಳ್ಳಿಯಲ್ಲಿ ಪತ್ರಹರಿತ್ತಿಲ್ಲ. ಸ್ವಂತ ಬೇರಿನ ಮೇಲೆ ಅದು ಬಾಳದು. ಅದನ್ನು ಸಾಕುವುದು ಕೆಳಗಿನ ಹಸಿರು ಕಾಂಡ, ಸಾಮಾನ್ಯವಾಗಿ ಡ್ರ್ಯಾಗನ್ ಹಣ್ಣಿನ ಬಳ್ಳಿಯ ತುಂಡು. ಈ ಬಳ್ಳಿ ಮರುಭೂಮಿಯದಲ್ಲ, ಕಾಡಿನ ಮರಗಳಿಗೆ ಹಬ್ಬುವಂಥದ್ದು. ಉರಿಬಿಸಿಲಿಗೆ ಸುಡುತ್ತದೆ, ನೀರು ನಿಂತರೆ ಕೊಳೆಯುತ್ತದೆ. ಆದ್ದರಿಂದ ನೆರಳುಬಲೆ, ನೀರು ಬಸಿಯುವ ಮರಳುಮಣ್ಣು ಬೇಕೇಬೇಕು. ಅನುಮಾನವಿದ್ದರೆ ಕೃಷಿ ವಿಜ್ಞಾನ ಕೇಂದ್ರ ಹರದನಹಳ್ಳಿಯಲ್ಲೇ ಇದೆ, ಹೋಗಿ ಕೇಳಿ.

ಕಸಿ ಕೂಡಿ ಹೊಸ ಬೆಳವಣಿಗೆ ಕಾಣುವ ತನಕ ಮಾರಬೇಡಿ; ಗಿಡದ ಆಯಸ್ಸು ಕೆಲವೇ ವರ್ಷ ಎಂಬುದನ್ನೂ ಮುಚ್ಚಿಡಬೇಡಿ. ಹೀಗೆ ಹೇಳಿದರೆ ವ್ಯಾಪಾರ ಕೆಡುತ್ತದೆ ಎನ್ನುವವರಿದ್ದಾರೆ. ಆದರೆ ಹವ್ಯಾಸಿಯ ಗಿರಾಕಿಗಳು ಬಹುಪಾಲು ಪರಿಚಿತರೇ ಅಲ್ಲವೇ? ಕಾಂಡ ಸೋತಾಗ ಮೇಲಿನ ಗುಂಡನ್ನು ಹೊಸ ಕಾಂಡಕ್ಕೆ ಮರುಕಸಿ ಮಾಡಬಹುದು ಎಂದು ತಿಳಿದವರು ನಿಮ್ಮಲ್ಲಿಗೇ ಮರಳಿ ಬರುತ್ತಾರೆ.