ಸರ್ಕಾರಿ ನೌಕರರ ತಾರತಮ್ಯ ದೂರು: ಗಡುವಿನ ಲೆಕ್ಕಾಚಾರ

ಉದ್ರಿ ಮಾರಾಟದ ಬಾಕಿ ವಸೂಲಿಗೆ ಮೂರು ವರ್ಷದ ಕಾಲಮಿತಿ ಇದೆಯೆಂಬುದು ವರ್ತಕರಿಗೆ ಹೊಸ ವಿಷಯವೇನಲ್ಲ. ಆ ಅವಧಿಯಲ್ಲಿ ಗಿರಾಕಿಗೆ ಎಷ್ಟು ನೆನಪೋಲೆ ಬರೆದರೂ ಗಡುವು ಒಂದು ದಿನವೂ ಮುಂದಕ್ಕೆ ಹೋಗುವುದಿಲ್ಲ. ಅವಧಿ ಮುಗಿಯುವ ಮೊದಲೇ ಗಿರಾಕಿಯು ಬಾಕಿಯನ್ನು ಒಪ್ಪಿ ಸಹಿ ಮಾಡಿದರೆ, ಇಲ್ಲವೇ ಭಾಗಶಃ ಹಣ ಕೊಟ್ಟು ಅದು ಬರಹದಲ್ಲಿ ದಾಖಲಾದರೆ ಮಾತ್ರ ಹೊಸ ಅವಧಿ ಆರಂಭವಾಗುತ್ತದೆ. ಮಾರ್ಚ್ ಅಂತ್ಯದಲ್ಲಿ ಲೆಕ್ಕಪರಿಶೋಧಕರು ಬಾಕಿ ದೃಢೀಕರಣ ಪತ್ರಕ್ಕೆ ಪಟ್ಟು ಹಿಡಿಯುವುದಕ್ಕೆ ಇದೂ ಒಂದು ಕಾರಣ. ಅಂಗಡಿಯ ಲೆಕ್ಕದಲ್ಲಿ ಇಷ್ಟು ಎಚ್ಚರವಿರುವ ಮನೆಯಲ್ಲೇ ಸರ್ಕಾರಿ ನೌಕರಿಯಲ್ಲಿರುವ ಮಗಳೋ ಸೊಸೆಯೋ ತಮ್ಮನೋ ತಮಗಾದ ಅನ್ಯಾಯದ ಬಗ್ಗೆ ವರ್ಷಗಟ್ಟಲೆ ಮನವಿಯ ಮೇಲೆ ಮನವಿ ಬರೆದು, ಕೊನೆಗೆ ನ್ಯಾಯಮಂಡಳಿಯಲ್ಲಿ ಕಾಲಮಿತಿ ಮೀರಿದೆಯೆಂಬ ಉತ್ತರ ಪಡೆಯುವ ಪ್ರಸಂಗಗಳು ವಿರಳವಲ್ಲ. ಅನ್ಯಾಯ ಆಗಿಯೇ ಇಲ್ಲವೆಂದು ಅಲ್ಲಿ ಯಾರೂ ಹೇಳಿರುವುದಿಲ್ಲ. ಅದನ್ನು ಪರಿಶೀಲಿಸುವ ಹಂತಕ್ಕೆ ಅರ್ಜಿ ತಲುಪಿರುವುದೇ ಇಲ್ಲ.

ಸರ್ಕಾರಿ ಸೇವೆಯಲ್ಲಿ ಸಮಾನ ಅವಕಾಶವು ಸಂವಿಧಾನದ 14 ಮತ್ತು 16ನೇ ಅನುಚ್ಛೇದಗಳು ನೀಡಿರುವ ಹಕ್ಕು. ಕಿರಿಯರಿಗೆ ಮುಂಬಡ್ತಿ ನೀಡಿ ಹಿರಿಯರನ್ನು ಬಿಡುವುದು, ಒಂದೇ ಕೆಲಸಕ್ಕೆ ಎರಡು ವೇತನ ನಿಗದಿಪಡಿಸುವುದು, ಅಂಗವಿಕಲತೆಯ ಅಥವಾ ಲಿಂಗದ ಕಾರಣಕ್ಕೆ ಹುದ್ದೆ ನಿರಾಕರಿಸುವುದು ಎಲ್ಲವೂ ಈ ಹಕ್ಕಿನ ವ್ಯಾಪ್ತಿಗೆ ಬರುತ್ತವೆ. ಇಂಥ ಸೇವಾ ವಿವಾದಗಳಿಗಾಗಿ ಸಂಸತ್ತು ಆಡಳಿತ ನ್ಯಾಯಮಂಡಳಿಗಳ ಅಧಿನಿಯಮ, 1985ನ್ನು ರೂಪಿಸಿತು. ಕೇಂದ್ರ ಸರ್ಕಾರದ ನೌಕರರು ಕೇಂದ್ರ ಆಡಳಿತ ನ್ಯಾಯಮಂಡಳಿಗೂ, ಕರ್ನಾಟಕ ಸರ್ಕಾರದ ನೌಕರರು 1986ರಲ್ಲಿ ಸ್ಥಾಪನೆಯಾದ ರಾಜ್ಯ ಆಡಳಿತ ನ್ಯಾಯಮಂಡಳಿಗೂ ಹೋಗಬೇಕು. ಸೇನಾ ಪಡೆಗಳ ಯೋಧರಿಗೂ ನ್ಯಾಯಾಲಯಗಳ ಸಿಬ್ಬಂದಿಗೂ ಈ ಅಧಿನಿಯಮ ಅನ್ವಯಿಸುವುದಿಲ್ಲ. ನಿಗಮ, ಮಂಡಳಿಗಳ ನೌಕರರು ತಮ್ಮ ಸಂಸ್ಥೆ ಇದರ ವ್ಯಾಪ್ತಿಗೆ ಸೇರಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಲೇಸು. ತಪ್ಪು ಬಾಗಿಲು ತಟ್ಟುವುದರಲ್ಲಿಯೂ ಅವಧಿ ಕಳೆದುಹೋಗುತ್ತದೆ.

ಗಡುವಿನ ಮಟ್ಟಿಗೆ ಮುಖ್ಯವಾದ ಕಲಂಗಳು ಎರಡು. ಸೇವಾ ನಿಯಮಗಳಲ್ಲಿರುವ ಮೇಲ್ಮನವಿ ಅಥವಾ ಮನವಿಯ ಅವಕಾಶವನ್ನು ಮೊದಲು ಬಳಸಿಕೊಂಡು ನಂತರ ನ್ಯಾಯಮಂಡಳಿಗೆ ಬರಬೇಕೆಂಬುದು 20ನೇ ಕಲಂ. ಇಲಾಖೆಯು ಅಂತಿಮ ಆದೇಶ ನೀಡಿದರೆ ಅಥವಾ ಮನವಿ ಸಲ್ಲಿಸಿ ಆರು ತಿಂಗಳಾದರೂ ಉತ್ತರ ನೀಡದಿದ್ದರೆ ಆ ಅವಕಾಶವನ್ನು ಬಳಸಿಕೊಂಡಂತೆಯೇ ಸರಿ. 21ನೇ ಕಲಮಿನ ಪ್ರಕಾರ ಅಂತಿಮ ಆದೇಶವಾದ ದಿನದಿಂದ ಒಂದು ವರ್ಷದೊಳಗೆ, ಉತ್ತರವೇ ಬಾರದಿದ್ದಲ್ಲಿ ಆರು ತಿಂಗಳು ಮುಗಿದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು.

ಒಂದು ಕಲ್ಪಿತ ಉದಾಹರಣೆಯಿಂದ ಲೆಕ್ಕ ಸ್ಪಷ್ಟವಾದೀತು. ರಾಜ್ಯದ ಇಲಾಖೆಯೊಂದರಲ್ಲಿ 10-6-2024ರ ಆದೇಶದಂತೆ ಮಹಿಳಾ ನೌಕರರೊಬ್ಬರನ್ನು ಬಿಟ್ಟು ಅವರಿಗಿಂತ ಕಿರಿಯರಿಗೆ ಮುಂಬಡ್ತಿ ದೊರೆಯಿತೆಂದು ಭಾವಿಸೋಣ. ಅವರು 1-8-2024ರಂದು ನಿಯಮಾನುಸಾರ ಮನವಿ ಸಲ್ಲಿಸಿದರು. 20-11-2024ರಂದು ಮನವಿ ತಿರಸ್ಕೃತವಾದರೆ ಗಡುವು 20-11-2025ಕ್ಕೆ ಮುಗಿಯುತ್ತದೆ. ಉತ್ತರವೇ ಬಾರದಿದ್ದರೆ 1-2-2025ಕ್ಕೆ ಆರು ತಿಂಗಳು ಪೂರ್ಣಗೊಂಡು, 1-2-2026 ಕೊನೆಯ ದಿನವಾಗುತ್ತದೆ. ಅಂದು ಭಾನುವಾರ. ಕೊನೆಯ ದಿನ ಕಚೇರಿ ಮುಚ್ಚಿದ್ದರೆ ಅದು ಮತ್ತೆ ತೆರೆದ ದಿನ ಸಲ್ಲಿಸಬಹುದೆಂದು 1897ರ ಸಾಮಾನ್ಯ ಖಂಡಗಳ ಅಧಿನಿಯಮ ಹೇಳುತ್ತದೆಯಾದ್ದರಿಂದ ಸೋಮವಾರದವರೆಗೆ ಅವಕಾಶ ಉಂಟು. ಇನ್ನು ಈ ನೌಕರರು 2025ರಲ್ಲಿ ನಾಲ್ಕು ನೆನಪೋಲೆಗಳನ್ನು ಬರೆದು, ಸಚಿವರನ್ನು ಕಂಡು, ಶಾಸಕರ ಶಿಫಾರಸು ಪತ್ರವನ್ನೂ ಲಗತ್ತಿಸಿದರೆಂದಿಟ್ಟುಕೊಳ್ಳೋಣ. ಲೆಕ್ಕದಲ್ಲಿ ಒಂದು ದಿನವೂ ಬದಲಾಗುವುದಿಲ್ಲ.

ಈ ಮಾತನ್ನು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠ ಎಸ್.ಎಸ್. ರಾಥೋರ್ ಮೊಕದ್ದಮೆಯಲ್ಲಿ 1989ರಲ್ಲಿಯೇ ಸ್ಪಷ್ಟಪಡಿಸಿದೆ. ನಿಯಮದಲ್ಲಿ ಅವಕಾಶವಿರುವ ಮೇಲ್ಮನವಿಯ ತೀರ್ಮಾನದ ದಿನದಿಂದ ಅವಧಿ ಆರಂಭವಾಗುತ್ತದೆ. ನಿಯಮದಲ್ಲಿಲ್ಲದ ಮನವಿಗಳನ್ನು ಮತ್ತೆ ಮತ್ತೆ ಸಲ್ಲಿಸಿದರೆ ಅವಧಿ ಬೆಳೆಯುವುದಿಲ್ಲ. ಆದರೂ ಕಚೇರಿಗಳ ಮೊಗಸಾಲೆಯಲ್ಲಿ ಇಂದಿಗೂ ಸಿಗುವ ಸಲಹೆ ಒಂದೇ: ‘ಇನ್ನೊಂದು ಮನವಿ ಕೊಡಿ, ಅದಕ್ಕೆ ಹಿಂಬರಹ ಬಂದರೆ ಅಲ್ಲಿಂದ ಹೊಸ ಅವಧಿ.’ ಈ ಸಲಹೆ ಎಷ್ಟು ಅಪಾಯಕರವೆಂಬುದನ್ನು ಸಿ. ಜೇಕಬ್ ಮೊಕದ್ದಮೆಯ 2008ರ ತೀರ್ಪು ತೋರಿಸುತ್ತದೆ. 1982ರಲ್ಲಿ ಸೇವೆ ಕೊನೆಗೊಂಡ ನೌಕರರೊಬ್ಬರು 2000ದಲ್ಲಿ ಮನವಿ ಕೊಟ್ಟು, ಅದರ ತಿರಸ್ಕಾರವನ್ನೇ ಹೊಸ ವ್ಯಾಜ್ಯಕಾರಣವೆಂದು ವಾದಿಸಿದ್ದರು. ಸತ್ತ ಹಕ್ಕಿಗೆ ಇಲಾಖೆಯ ಉತ್ತರದಿಂದ ಜೀವ ಬರುವುದಿಲ್ಲವೆಂಬುದು ನ್ಯಾಯಾಲಯದ ನಿಲುವು.

ವ್ಯಾಪಾರದ ಲೆಕ್ಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಅವಧಿ ಮೀರಿದ ಸಾಲವನ್ನು ತೀರಿಸುತ್ತೇನೆಂದು ಸಾಲಗಾರ ಬರೆದು ಸಹಿ ಮಾಡಿಕೊಟ್ಟರೆ, ಕರಾರು ಅಧಿನಿಯಮದ 25ನೇ ಕಲಮಿನಂತೆ ಅದು ಹೊಸ ಕರಾರಾಗಿ ಊರ್ಜಿತವಾಗುತ್ತದೆ. ಇಲಾಖೆಯು ತಡವಾಗಿ ಬರೆಯುವ ‘ಪರಿಶೀಲಿಸಲಾಗುವುದು’ ಎಂಬ ಒಕ್ಕಣೆಗೆ ಆ ಬಲವಿಲ್ಲ. ಎದುರು ಪಕ್ಷ ಕಾಲಮಿತಿಯ ತಕರಾರು ತೆಗೆಯದೆ ಸುಮ್ಮನಿದ್ದರೂ ನ್ಯಾಯಮಂಡಳಿಯೇ ಅದನ್ನು ಮೊದಲು ಪರಿಶೀಲಿಸಬೇಕೆಂದು ಡಿ.ಸಿ.ಎಸ್. ನೇಗಿ ಮೊಕದ್ದಮೆಯಲ್ಲಿ 2011ರಲ್ಲಿ ತಿಳಿಸಲಾಗಿದೆ. ಸಾಕಷ್ಟು ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ. ಆದರೆ ಅದನ್ನು ಕೇಳಿ ಪಡೆಯಬೇಕು, ಕಾರಣವನ್ನು ದಾಖಲೆಸಹಿತ ತೋರಿಸಬೇಕು. ಆಸ್ಪತ್ರೆಯ ದಾಖಲೆಗೆ ಒಂದು ತೂಕವಿದೆ. ಮೇಲಧಿಕಾರಿ ಭರವಸೆ ಕೊಟ್ಟಿದ್ದರೆಂಬ ಮಾತಿಗೆ ಅಷ್ಟು ತೂಕ ಸಿಗುವುದು ಕಷ್ಟ.

ಎಲ್ಲ ತಾರತಮ್ಯಕ್ಕೂ ಒಂದೇ ಅಳತೆಯಲ್ಲ. ವೇತನ ತಪ್ಪಾಗಿ ನಿಗದಿಯಾಗಿದ್ದರೆ ಪ್ರತಿ ತಿಂಗಳು ಕಡಿಮೆ ಸಂಬಳ ಕೈಗೆ ಬಂದಾಗಲೂ ಹೊಸ ವ್ಯಾಜ್ಯಕಾರಣ ಹುಟ್ಟುತ್ತದೆಂದು ಎಂ.ಆರ್. ಗುಪ್ತ ಮೊಕದ್ದಮೆಯಲ್ಲಿ 1995ರಲ್ಲಿ ತೀರ್ಮಾನವಾಗಿದೆ. ಆದ್ದರಿಂದ ವೇತನ, ಪಿಂಚಣಿಯ ದೂರು ತಡವಾದರೂ ಪೂರ್ತಿ ಸಾಯುವುದಿಲ್ಲ. ಹಳೆಯ ಬಾಕಿ ಮಾತ್ರ ಕೈತಪ್ಪುತ್ತದೆ. ತರ್ಸೇಮ್ ಸಿಂಗ್ ಮೊಕದ್ದಮೆಯಲ್ಲಿ 1983ರಲ್ಲಿ ಸೇನೆಯಿಂದ ಬಿಡುಗಡೆಯಾದ ಯೋಧರೊಬ್ಬರು ಅಂಗವೈಕಲ್ಯ ಪಿಂಚಣಿಗಾಗಿ 1999ರಲ್ಲಿ ನ್ಯಾಯಾಲಯಕ್ಕೆ ಬಂದಿದ್ದರು. ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಪಿಂಚಣಿಯ ಹಕ್ಕನ್ನು ಉಳಿಸಿತು. ಆದರೆ ಇಂಥ ಪ್ರಸಂಗಗಳಲ್ಲಿ ಬಾಕಿಯು ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಕ್ಕೆ ಸೀಮಿತವೆಂದಿತು. ಹದಿನಾರು ವರ್ಷದ ವಿಳಂಬದ ಬೆಲೆಯನ್ನು ವರ್ತಕರು ತಾವೇ ಲೆಕ್ಕ ಹಾಕಬಲ್ಲರು.

ಮುಂಬಡ್ತಿ ಮತ್ತು ಜ್ಯೇಷ್ಠತೆಯ ವಿಷಯ ಹಾಗಲ್ಲ. ಒಬ್ಬರನ್ನು ಮೇಲೇರಿಸಿದರೆ ಇನ್ನೊಬ್ಬರು ಕೆಳಗಿಳಿಯಬೇಕಾಗುತ್ತದೆ. ನಡುವಿನ ವರ್ಷಗಳಲ್ಲಿ ಮೂರನೆಯವರ ಹಕ್ಕುಗಳು ಗಟ್ಟಿಯಾಗಿರುತ್ತವೆ. ಅದೇ ತರ್ಸೇಮ್ ಸಿಂಗ್ ತೀರ್ಪಿನಲ್ಲಿ ಈ ಭೇದವನ್ನೂ ಹೇಳಲಾಗಿದೆ. ಆದ್ದರಿಂದ ಮುಂಬಡ್ತಿಯ ದೂರಿನಲ್ಲಿ ‘ಇನ್ನೂ ಸೇವೆಯಲ್ಲಿದ್ದೇನೆ, ನಿಧಾನವಾಗಿ ನೋಡೋಣ’ ಎಂಬ ಧೋರಣೆ ಸಲ್ಲದು. ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಪ್ರಕಟವಾದಾಗ ಆಕ್ಷೇಪಣೆಗೆ ನೀಡಿರುವ ದಿನಗಳನ್ನು ಲಘುವಾಗಿ ಕಾಣುವುದೂ ಸಲ್ಲದು.

ಲೈಂಗಿಕ ಕಿರುಕುಳದ ದೂರಿನ ಗಡುವು ಇನ್ನೂ ಕಿರಿದು. 2013ರ ಅಧಿನಿಯಮವು ಸರ್ಕಾರಿ ಕಚೇರಿಗೂ ಪೀಣ್ಯದ ಕಾರ್ಖಾನೆಗೂ ಒಂದೇ ಆಗಿರುವುದರಿಂದ ಮಂಡಳಿಯ ಸದಸ್ಯರು ಇದನ್ನು ಮಾಲೀಕರಾಗಿಯೂ ತಿಳಿದಿರಬೇಕು. ಘಟನೆ ನಡೆದ ದಿನದಿಂದ, ಸರಣಿ ಘಟನೆಗಳಾಗಿದ್ದರೆ ಕೊನೆಯ ಘಟನೆಯಿಂದ, ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ದೂರು ಕೊಡಲಾಗದ ಪರಿಸ್ಥಿತಿ ಇತ್ತೆಂದು ಮನವರಿಕೆಯಾದರೆ ಸಮಿತಿಯು ಕಾರಣ ಬರೆದಿಟ್ಟು ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಅದಕ್ಕಿಂತ ಹೆಚ್ಚಿಗೆ ಇಲ್ಲ. ಕೊಲ್ಕತ್ತದ ಶಿಕ್ಷಣ ಸಂಸ್ಥೆಯೊಂದರ ಮೊಕದ್ದಮೆಯಲ್ಲಿ ಕೊನೆಯ ಘಟನೆ 2023ರ ಏಪ್ರಿಲ್‌ನಲ್ಲಿ ನಡೆದಿತ್ತು, ದೂರು ಡಿಸೆಂಬರ್‌ನಲ್ಲಿ ಬಂತು. ನಂತರದ ಆಡಳಿತಾತ್ಮಕ ಕ್ರಮಗಳು ಕಿರುಕುಳದ ಮುಂದುವರಿಕೆಯೆಂಬ ವಾದವನ್ನು ಒಪ್ಪದೆ, ದೂರು ಕಾಲಮಿತಿ ಮೀರಿದೆಯೆಂದು ಸರ್ವೋಚ್ಚ ನ್ಯಾಯಾಲಯ 2025ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತಿತು. ಮೇಲಧಿಕಾರಿಯ ಭಯದಲ್ಲಿ ಬದುಕುವ ಹೆಣ್ಣುಮಗಳಿಗೆ ಮೂರು ತಿಂಗಳು ಅತಿ ಕಡಿಮೆಯೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಕಾನೂನು ತಿದ್ದುಪಡಿಯಾಗುವವರೆಗೆ ಲೆಕ್ಕ ಇದೇ.

ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಮಾಲೀಕರು ಆಂತರಿಕ ಸಮಿತಿ ರಚಿಸಬೇಕು. ಸಮಿತಿ ರಚಿಸದಿದ್ದರೆ 50,000 ರೂಪಾಯಿವರೆಗೆ ದಂಡ ಉಂಟು. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ ಅಥವಾ ಮಾಲೀಕರ ಮೇಲೆಯೇ ದೂರಿದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವರದಿ ಕೈಸೇರಿದ 60 ದಿನದೊಳಗೆ ಮಾಲೀಕರು ಕ್ರಮ ಕೈಗೊಳ್ಳಬೇಕು. ದೂರುದಾರರಿಗೆ ಇರುವಂತೆ ಮಾಲೀಕರಿಗೂ ಗಡುವು ಇದೆಯೆಂಬುದು ಅನೇಕ ಸಣ್ಣ ಕೈಗಾರಿಕೆಗಳಲ್ಲಿ ಇನ್ನೂ ತಿಳಿದಂತಿಲ್ಲ.

ಅಂಗವಿಕಲ ಸರ್ಕಾರಿ ನೌಕರರಿಗೆ 2016ರ ಅಧಿನಿಯಮದಲ್ಲಿ ಬೇರೊಂದು ದಾರಿಯಿದೆ. ಪ್ರತಿ ಸರ್ಕಾರಿ ಸಂಸ್ಥೆಯಲ್ಲಿ ಕುಂದುಕೊರತೆ ಪರಿಹಾರ ಅಧಿಕಾರಿ ಇರಬೇಕು, ದೂರು ನೋಂದಣಿಯಾದ ಎರಡು ವಾರದೊಳಗೆ ವಿಚಾರಣೆಯಾಗಬೇಕು. ಈ ಎರಡು ವಾರ ಅಧಿಕಾರಿಗೆ ವಿಧಿಸಿದ ಗಡುವು. ಅದನ್ನು ನಂಬಿಕೊಂಡು ನ್ಯಾಯಮಂಡಳಿಯ ಒಂದು ವರ್ಷವನ್ನು ಮರೆಯುವಂತಿಲ್ಲ.

ಈ ಲೆಕ್ಕಗಳೆಲ್ಲ ನಿಲ್ಲುವುದು ದಿನಾಂಕದ ಮೇಲೆ. ಆದೇಶದ ದಿನಾಂಕ, ಅದು ಕೈಸೇರಿದ ದಿನಾಂಕ, ಮನವಿಯ ಪ್ರತಿಯ ಮೇಲೆ ಟಪಾಲು ಶಾಖೆಯ ಮೊಹರು ಬಿದ್ದ ದಿನಾಂಕ ಇವು ಮೂರೂ ಒಂದೇ ಕಡತದಲ್ಲಿರಬೇಕು. ಆದೇಶ ತಡವಾಗಿ ಕೈಸೇರಿದ್ದರೂ ಅದರ ಮೇಲಿರುವ ದಿನಾಂಕದಿಂದಲೇ ವರ್ಷವನ್ನು ಎಣಿಸುವುದು ಕ್ಷೇಮ. ಮೊಹರಿಲ್ಲದ ಪ್ರತಿಯನ್ನು ಹಿಡಿದು ಮನೆಗೆ ಬಂದವರನ್ನು ಮರುದಿನವೇ ಅದೇ ಶಾಖೆಗೆ ಹಿಂದಕ್ಕೆ ಕಳುಹಿಸಬೇಕು.