ಯಂತ್ರಕ್ಕೆ ಎಎಂಸಿ ಇತ್ತು, ಜೋಳಕ್ಕೆ ಇರಲಿಲ್ಲ

ನಮ್ಮ ಮನೆಯಲ್ಲಿ ನೀರು ಸೋಸುವ ಆರ್‌ಒ ಯಂತ್ರದ ಬೆಲೆ 14,000 ರೂಪಾಯಿ. ಅದರ ಎಎಂಸಿಗೆ, ಅಂದರೆ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ, ವರ್ಷಕ್ಕೆ 4,500. ಮೂರು ವರ್ಷ ಎಎಂಸಿ ಕಟ್ಟುವ ದುಡ್ಡಿಗೆ ಹೆಚ್ಚುಕಡಿಮೆ ಹೊಸ ಯಂತ್ರವೇ ಬರುತ್ತದೆ. ಗೊತ್ತಿದ್ದೂ ಕಟ್ಟುತ್ತಿದ್ದೆವು, ಏಕೆಂದರೆ ಕಟ್ಟಿದ ಮೇಲೆ ಚಿಂತೆ ಇಲ್ಲ ಎಂಬ ಸಮಾಧಾನ. ಆ ಸಮಾಧಾನದೊಳಗೆ ಏನೇನು ಸೇರಿದೆ, ಏನು ಸೇರಿಲ್ಲ ಎಂಬ ಲೆಕ್ಕ ಈ ಸಲದ ಅಂಕಣ.

ನಾವಿರುವುದು ಕುರಕುಂಭದಲ್ಲಿ. ಪುಣೆ–ಸೊಲ್ಲಾಪುರ ಹೆದ್ದಾರಿಯ ಮೇಲೆ, ದೌಂಡ್ ತಾಲ್ಲೂಕಿನ ಊರು. ಫಿರಂಗಾಯಿ ದೇವಿಯ ಗುಡಿಗೆ ಎಷ್ಟು ಹೆಸರೋ ಎಂಐಡಿಸಿ ಕೈಗಾರಿಕಾ ಪ್ರದೇಶದ ಕೆಮಿಕಲ್ ಕಾರ್ಖಾನೆಗಳಿಗೂ ಅಷ್ಟೇ ಹೆಸರು. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ಶಿಫ್ಟ್ ಮಾಡುವವರಲ್ಲಿ ನಾನೂ ಒಬ್ಬ. ನಮ್ಮ ಬಾಡಿಗೆ ಮನೆಗೆ ಬರುವುದು ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವಷ್ಟು ಗಡಸು. ನೀರಿನಲ್ಲಿ ಕರಗಿದ ಲವಣಾಂಶ ಅಳೆಯುವ ಟಿಡಿಎಸ್ ಮೀಟರ್ ಇಟ್ಟರೆ ಸಾವಿರದ ಹತ್ತಿರ ತೋರಿಸುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ಒಪ್ಪುವ ಮಟ್ಟ. ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ನಡೆಯುತ್ತದೆ. 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಸರ್ಕಾರಕ್ಕೆ ಹೇಳಿತ್ತು. ಹಾಗಾಗಿ ನಿಮ್ಮೂರಿನ ನಲ್ಲಿ ನೀರಿನ ಟಿಡಿಎಸ್ ಇನ್ನೂರು ಮುನ್ನೂರು ಇದ್ದರೆ ಈ ಯಂತ್ರಕ್ಕೆ ಹಾಕುವ ದುಡ್ಡು ದಂಡ. ನಮಗೆ ಬೇಕಿತ್ತು, ತಂದೆವು.

ಬೇಸಿಗೆಯ ಒಂದು ರಾತ್ರಿ ಫ್ಯಾನ್ ನಿಂತು ಸೆಖೆಗೆ ಎಚ್ಚರವಾಯಿತು. ಕರೆಂಟ್ ಹೋಗಿರಬೇಕೆಂದು ಮಗ್ಗಲು ಬದಲಿಸಿದೆ. ಹೊರಗೆ ಬೀದಿ ದೀಪ ಮಾತ್ರ ಉರಿಯುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಹೆಂಡತಿ: “ಏನ್ರಿ, ಏಳ್ರಿ, ಅಡಗಿಮನಿ ತುಂಬ ನೀರು ನಿಂತೈತಿ!”

ಆಗಿದ್ದು ಇಷ್ಟು. ಯಂತ್ರದ ಶುದ್ಧ ನೀರಿನ ತೊಟ್ಟಿ ತುಂಬಿದೊಡನೆ ಒಳಗಿನ ಫ್ಲೋಟ್ ಮೇಲೆದ್ದು ಪಂಪನ್ನು ನಿಲ್ಲಿಸಬೇಕು. ಫ್ಲೋಟ್ ಎಂದರೆ ಬೆರಳುದ್ದದ ಕಡ್ಡಿಯ ಮೇಲೆ ಏರಿ ಇಳಿಯುವ ಪ್ಲಾಸ್ಟಿಕ್ ಉಂಡೆ, ಅಷ್ಟೇ. ಅದು ಕಡ್ಡಿಗೆ ಅಂಟಿಕೊಂಡಿತ್ತು. ತೊಟ್ಟಿ ತುಂಬಿ ಉಕ್ಕಿದರೂ ಪಂಪ್ ತನ್ನ ಪಾಡಿಗೆ ತಾನು ಓಡಿತು. ಮನೆಯ ಆರ್‌ಒ ಗಂಟೆಗೆ ಹತ್ತು ಹನ್ನೆರಡು ಲೀಟರ್ ಸೋಸುತ್ತದೆ. ಮಲಗಿದ ಹೊತ್ತಿನಿಂದ ಲೆಕ್ಕ ಹಾಕಿದರೆ ಐದಾರು ಕೊಡ ನೀರು ನೆಲಕ್ಕೆ ಬಂದಿತ್ತು; ಅದರ ಎರಡು ಮೂರು ಪಟ್ಟು ರಿಜೆಕ್ಟ್ ನೀರು ಸಿಂಕಿನಲ್ಲಿ ಹರಿದು ಹೋಗಿತ್ತು. ನೆಲದ ನೀರು ಮೂಲೆಯಲ್ಲಿದ್ದ ಎಕ್ಸ್‌ಟೆನ್ಷನ್ ಬೋರ್ಡಿನೊಳಗೆ ಹೊಕ್ಕಾಗ ಆರ್‌ಸಿಸಿಬಿ ಬಿತ್ತು. ಮನೆಯ ಕರೆಂಟ್ ಹೋಯಿತು, ಪಂಪೂ ನಿಂತಿತು. ಆ ರಾತ್ರಿ ಯಂತ್ರವನ್ನು ನಿಲ್ಲಿಸಿದ್ದು ಯಂತ್ರದ ಯಾವ ಭಾಗವೂ ಅಲ್ಲ, ಮಾಲೀಕರು ಮನೆ ಕಟ್ಟಿಸುವಾಗ ಕೂರಿಸಿದ ಈ ಸ್ವಿಚ್ಚು. 30 ಮಿಲಿಆಂಪಿಯರ್ ಕರೆಂಟ್ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕತ್ತರಿಸುವ ಸಾಧನ ಅದು. ಅದಿಲ್ಲದಿದ್ದರೆ ಹೆಂಡತಿ ಆ ನೀರಿಗೆ ಕಾಲಿಟ್ಟಾಗ ಏನಾಗುತ್ತಿತ್ತೋ ಬರೆಯಲು ಮನಸ್ಸಾಗುತ್ತಿಲ್ಲ.

ವಿಜಯಪುರ ಜಿಲ್ಲೆಯ ಇಂಡಿಯಿಂದ ಅತ್ತೆ ಕಳಿಸಿದ ಜೋಳದ ಚೀಲ ಗೋಡೆಗೆ ಒರಗಿ ನಿಂತಿತ್ತು. ತಳದಿಂದ ನೀರು ಹೀರಿ ಅರ್ಧದವರೆಗೆ ಕಪ್ಪಾಗಿತ್ತು. ಮೇಲಿನ ಕಾಳನ್ನು ತಾರಸಿಯ ಮೇಲೆ ಹರವಿ ಒಣಗಿಸಿ ಉಳಿಸಿಕೊಂಡೆವು, ತಳದ್ದು ಮುಗ್ಗು ಹಿಡಿಯಿತು. ಫೋನಿನಲ್ಲಿ ಅತ್ತೆ, “ಜ್ವಾಳ ಹೋದ್ರ ಹೋಗ್ಲಿ ಬಿಡ್ರಿ, ಕೂಸು ಜಾರಿ ಬಿದ್ದಿಲ್ಲಲ್ಲ?” ಎಂದರು. ಮನೆ ಮಾಲೀಕರು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಅಡುಗೆಮನೆ ಟ್ರಾಲಿಯ ಪ್ಲೈವುಡ್ ಊದಿಕೊಂಡಿದ್ದಕ್ಕೆ ಡಿಪಾಸಿಟ್‌ನಲ್ಲಿ 6,000 ಮುರಿದುಕೊಳ್ಳುವುದಾಗಿ ತಿಳಿಸಿದರು. ಜೋಳ, ಬೋರ್ಡು ಎಲ್ಲ ಸೇರಿ ನಷ್ಟ 8,000ದ ಆಸುಪಾಸು, ಹಾಕಿದ ರಜೆಯ ಪಗಾರ ಬೇರೆ.

ಸರ್ವಿಸ್‌ನ ಹುಡುಗ ಬಂದು ಹತ್ತು ನಿಮಿಷದಲ್ಲಿ ಹೊಸ ಫ್ಲೋಟ್ ಹಾಕಿದ. ಬಿಲ್ಲು ಸೊನ್ನೆ. ಟ್ರಾಲಿಯ ಮಾತೆತ್ತಿದಾಗ ಎಎಂಸಿ ಹಾಳೆಯ ಹಿಂಬದಿ ತೋರಿಸಿದ. ಯಂತ್ರದ ದೋಷದಿಂದ ಬೇರೆ ವಸ್ತುಗಳಿಗೆ ಆಗುವ ಹಾನಿಗೆ ಕಂಪನಿ ಹೊಣೆಯಲ್ಲ ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗಿತ್ತು. 4,500 ಕೊಟ್ಟು ನಾವು ಕೊಂಡದ್ದು ಯಂತ್ರದ ರಿಪೇರಿಯನ್ನು, ಯಂತ್ರ ಮಾಡುವ ರಾದ್ಧಾಂತದ ಪರಿಹಾರವನ್ನಲ್ಲ.

ಆ ಸಾಲೇ ಕೊನೆಯ ಮಾತು ಎಂದು ಸುಮ್ಮನಾಗಬೇಕಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯವಿದೆ. ದೋಷವಿರುವ ಉತ್ಪನ್ನದಿಂದ ಬೇರೆ ಸೊತ್ತಿಗೆ ಆಗುವ ಹಾನಿಯೂ ಅದರಡಿ ಬರುತ್ತದೆ. ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅವಧಿ ಎರಡು ವರ್ಷ. ಆದರೆ ದೋಷ ಯಂತ್ರದ್ದೇ ಎಂದು ತೋರಿಸಿಕೊಡುವ ಭಾರ ನಮ್ಮ ಮೇಲಿರುತ್ತದೆ. ಒರೆಸುವ ಮೊದಲು ಫೋಟೊ ತೆಗೆಯಿರಿ, ಸರ್ವಿಸ್ ವರದಿಯಲ್ಲಿ ‘ಫ್ಲೋಟ್ ಕೆಟ್ಟಿತ್ತು’ ಎಂದು ಬರೆಸಿಕೊಳ್ಳಿ, ಹಳೆಯ ಬಿಡಿಭಾಗವನ್ನು ಒಯ್ಯಲು ಬಿಡಬೇಡಿ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಕಂಪನಿ ಎಎಂಸಿಯನ್ನು ಆರು ತಿಂಗಳು ಮುಂದುವರಿಸಿತು; ನಗದು ಕೊಡಲಿಲ್ಲ. 8,000ಕ್ಕಾಗಿ ಜಿಲ್ಲಾ ಆಯೋಗಕ್ಕೆಂದು ಪುಣೆಗೆ ಓಡಾಡಿ ಇನ್ನಷ್ಟು ಪಗಾರ ಕಳೆದುಕೊಳ್ಳುವುದು ಲಾಭದ ಮಾತಲ್ಲ ಎಂದು ಅಲ್ಲಿಗೇ ಬಿಟ್ಟೆ. ನಷ್ಟ ಎಂಬತ್ತು ಸಾವಿರವಾಗಿದ್ದರೆ ಬಿಡುತ್ತಿರಲಿಲ್ಲ.

ಹಾಗಾದರೆ ದುಡ್ಡನ್ನು ಎಲ್ಲಿ ಹಾಕಬೇಕು? ದೌಂಡಿನ ಅಂಗಡಿಯಲ್ಲಿ ವಿಚಾರಿಸಿದ ದರದಂತೆ ಫಿಲ್ಟರುಗಳಿಗೆ ವರ್ಷಕ್ಕೆ 1,200. ಎರಡು ವರ್ಷಕ್ಕೊಮ್ಮೆ ಬದಲಿಸುವ ಮೆಂಬ್ರೇನ್‌ಗೆ 2,000. ಕೂಲಿ ಸೇರಿ ವರ್ಷಕ್ಕೆ ಸರಾಸರಿ 2,500. ಎಎಂಸಿಯಲ್ಲಿ ಉಳಿದ 2,000 ನಮ್ಮ ಭಯದ ಬೆಲೆ. ತಿಂಗಳಿಗೆ 300ರಂತೆ ಆರ್‌ಡಿ ಕಟ್ಟಿದರೆ ರಿಪೇರಿ ಕಳೆದು ಕೈಯಲ್ಲಿ ಸಾವಿರವಾದರೂ ಉಳಿಯುತ್ತದೆ. ಮಿಕ್ಸಿ ಕೆಟ್ಟರೂ ಆ ದುಡ್ಡು ಒದಗುತ್ತದೆ, ಎಎಂಸಿ ಒದಗುವುದಿಲ್ಲ.

ದೊಡ್ಡ ನಷ್ಟಕ್ಕೆ ವಿಮೆಯೇ ಬೇಕು. ವಿಮಾ ನಿಯಂತ್ರಕ ಐಆರ್‌ಡಿಎಐ ಸೂಚನೆಯಂತೆ 2021ರ ಏಪ್ರಿಲ್ 1ರಿಂದ ಮಾರಾಟದಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಬೆಂಕಿ, ನೆರೆ, ಭೂಕಂಪಗಳ ಜತೆಗೆ ನೀರಿನ ಟ್ಯಾಂಕ್, ಉಪಕರಣ, ಪೈಪು ಒಡೆದು ಅಥವಾ ಉಕ್ಕಿ ಆಗುವ ಹಾನಿಯೂ ಪಟ್ಟಿಯಲ್ಲಿದೆ. ಬಾಡಿಗೆದಾರರು ಮನೆ ಬಿಟ್ಟು ಸಾಮಾನಿಗೆ ಮಾತ್ರ ಮಾಡಿಸಬಹುದು. ಕೆಟ್ಟ ಫ್ಲೋಟಿಗೆ ಅದು ದುಡ್ಡು ಕೊಡುವುದಿಲ್ಲ, ಮಾಲೀಕರ ಟ್ರಾಲಿ ಅವರ ಪಾಲಿಸಿಯ ವಿಷಯ. ಕಾಳುಕಡಿ ಸಾಮಾನಿನ ಲೆಕ್ಕಕ್ಕೆ ಬರುತ್ತದೆಯೇ ಎಂದು ಏಜೆಂಟರನ್ನು ಬಾಯಲ್ಲಿ ಕೇಳಬೇಡಿ, ಬರಹದಲ್ಲಿ ಕೇಳಿ.

ಅವಧಿ ಮುಗಿದ ಮೇಲೆ ನಾವು ಎಎಂಸಿ ನವೀಕರಿಸಲಿಲ್ಲ. ರಾತ್ರಿ ಮಲಗುವ ಮುಂಚೆ ಯಂತ್ರಕ್ಕೆ ನೀರು ಬರುವ ಚಿಕ್ಕ ವಾಲ್ವ್ ತಿರುಗಿಸುತ್ತೇವೆ, ಇದಕ್ಕೆ ಖರ್ಚಿಲ್ಲ. ನಿಮ್ಮ ಮನೆಯಲ್ಲಿ ಆರ್‌ಸಿಸಿಬಿ ಇದ್ದರೆ ಅದರ ಮೇಲೆ ‘ಟಿ’ ಎಂದು ಬರೆದ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ. ಸ್ವಿಚ್ಚು ಬೀಳದಿದ್ದರೆ, ಅಥವಾ ಅಂಥದ್ದೊಂದು ಮನೆಯಲ್ಲೇ ಇಲ್ಲದಿದ್ದರೆ, ಮುಂದಿನ ಎಎಂಸಿಗೆ ಎತ್ತಿಟ್ಟ ದುಡ್ಡನ್ನು ಮೊದಲು ಎಲೆಕ್ಟ್ರಿಷಿಯನ್ ಕೈಗೆ ಕೊಡಿ.