ಭಾಷಣ ಬೇಡ, ಅಭ್ಯಾಸ ಬೇಕು: ನಿಮ್ಮೂರಲ್ಲೇ ಪೋಷಕರ ಉಚಿತ ಕಾರ್ಯಾಗಾರ

ಜೂನ್‌ನಲ್ಲಿ ಶಾಲೆ ಆರಂಭವಾಗಿ, ಪುಸ್ತಕ, ಸಮವಸ್ತ್ರದ ಓಡಾಟ ಮುಗಿದು, ಮನೆ ಒಂದು ಹದಕ್ಕೆ ಬಂದಿರುವ ಜುಲೈ, ಆಗಸ್ಟ್ ತಿಂಗಳು ಪೋಷಕರ ಕಾರ್ಯಾಗಾರ ಶುರುಮಾಡಲು ಒಳ್ಳೆಯ ಕಾಲ. ಪರೀಕ್ಷೆ ಹತ್ತಿರ ಬಂದಾಗ ಕರೆದರೆ ಎಲ್ಲರ ಮಾತೂ ಅಂಕಗಳ ಬಗ್ಗೆಯೇ. ಮಗು ಹೇಗಿದೆ, ಮನೆಯಲ್ಲಿ ಮಾತುಕತೆ ಹೇಗಿದೆ ಎಂದು ಕೇಳಲು ಆಗ ಯಾರಿಗೂ ಪುರುಸೊತ್ತಿರುವುದಿಲ್ಲ.

ಹದಿನೈದಿಪ್ಪತ್ತು ಪೋಷಕರು, ಶಾಲೆಯ ಒಂದು ಕೊಠಡಿ, ಕೂರಲು ಜಮಖಾನ. ಇಷ್ಟಿದ್ದರೆ ಸಾಕು. ಇದಕ್ಕೆ ತಜ್ಞರೇ ಬರಬೇಕು, ದುಡ್ಡು ಸುರಿಯಬೇಕು ಎಂಬ ಹಿಂಜರಿಕೆಯಿಂದಲೇ ಎಷ್ಟೋ ಊರುಗಳಲ್ಲಿ ಇಂಥ ಕೆಲಸ ನಡೆಯುತ್ತಿಲ್ಲ. ಆ ಹಿಂಜರಿಕೆ ಬೇಕಿಲ್ಲ ಎನ್ನಲು ಒಂದು ಉದಾಹರಣೆ ಇದೆ. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತದ ಬಡ ಹಳ್ಳಿ, ಪಟ್ಟಣಗಳಲ್ಲಿ ಹದಿಹರೆಯದ ಮಕ್ಕಳಿರುವ ಕುಟುಂಬಗಳಿಗಾಗಿ 14 ವಾರಗಳ ಉಚಿತ ಕಾರ್ಯಕ್ರಮವೊಂದು ರೂಪುಗೊಂಡಿತು. ನಡೆಸಿಕೊಟ್ಟವರು ತರಬೇತಿ ಪಡೆದ ಸ್ಥಳೀಯರೇ. 552 ಕುಟುಂಬಗಳನ್ನು ಒಳಗೊಂಡ ಅದರ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಹೊಡೆತ, ಬೈಗುಳ ಕಡಿಮೆಯಾಗಿದೆ, ಮಕ್ಕಳೊಂದಿಗೆ ಒಡನಾಟ ಹೆಚ್ಚಿದೆ ಎಂದು ಪೋಷಕರು ಹೇಳಿದರು. ಆದರೆ ಹೊಡೆತ ಕಡಿಮೆಯಾಗಿದೆ ಎನ್ನುವುದು ಮಕ್ಕಳ ಉತ್ತರಗಳಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ನಮ್ಮಲ್ಲಿ ಕಾರ್ಯಾಗಾರ ನಡೆಸುವವರು ಈ ಕೊನೆಯ ವಿಷಯವನ್ನು ಮರೆಯಬಾರದು. ಏನು ಬದಲಾಯಿತು ಎಂದು ಪೋಷಕರನ್ನಷ್ಟೇ ಕೇಳಿ ಮುಗಿಸದೆ ಮಕ್ಕಳನ್ನೂ ಕೇಳಬೇಕು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜೊತೆಗೂಡಿದ ‘ಪೇರೆಂಟಿಂಗ್ ಫಾರ್ ಲೈಫ್‌ಲಾಂಗ್ ಹೆಲ್ತ್’ ಯೋಜನೆಯ ಭಾಗ ದಕ್ಷಿಣ ಆಫ್ರಿಕಾದ ಆ ಕಾರ್ಯಕ್ರಮ. ಪುಟ್ಟ ಮಕ್ಕಳ ಪೋಷಕರಿಗೆ ಒಂದು, ಹದಿಹರೆಯದವರ ಪೋಷಕರಿಗೆ ಇನ್ನೊಂದು ಕೈಪಿಡಿಯನ್ನು ಅವರು ಉಚಿತವಾಗಿಯೇ ಕೊಡುತ್ತಾರೆ. ಇಂಗ್ಲಿಷ್ ಬಲ್ಲ ಶಿಕ್ಷಕರೊಬ್ಬರು ಓದಿ, ನಮ್ಮ ಮನೆಗಳಿಗೆ ಒಗ್ಗುವಷ್ಟನ್ನು ಆರಿಸಿಕೊಂಡರೆ ಒಂದು ವರ್ಷಕ್ಕೆ ಬೇಕಾದ ಸರಕು ಸಿಗುತ್ತದೆ.

ಮೊದಲು ಮೂವರು ಜೊತೆಯಾಗಿ

ಒಬ್ಬರೇ ಹೊತ್ತುಕೊಂಡರೆ ಎರಡನೇ ಸಭೆಗೇ ಸುಸ್ತಾಗುತ್ತದೆ. ಒಬ್ಬ ತಾಯಿ, ಒಬ್ಬ ತಂದೆ, ಒಬ್ಬ ಶಿಕ್ಷಕಿ ಅಥವಾ ಅಂಗನವಾಡಿ ಕಾರ್ಯಕರ್ತೆ, ಹೀಗೆ ಮೂವರು ಸೇರಿ. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮೂಲಕವೇ ಹೋಗುವುದು ಸುಲಭ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಕಟ್ಟಡದ ದುರಸ್ತಿ, ಬಿಸಿಯೂಟದ ಚರ್ಚೆಯ ಜೊತೆ ಇದನ್ನೂ ಸಮಿತಿಯ ಸಭೆಯಲ್ಲಿಟ್ಟು, ಮುಖ್ಯ ಶಿಕ್ಷಕರಿಗೆ ಒಂದು ಪುಟದ ಮನವಿ ಕೊಡಿ. ದಿನಾಂಕ, ಹೊತ್ತು, ಬೇಕಾದ ಕೊಠಡಿ, ಬೀಗ ಹಾಕುವ ಹೊಣೆ ಯಾರದು ಎಂಬುದೆಲ್ಲ ಅದರಲ್ಲಿರಲಿ.

ಶಾಲೆ ಸಿಗದಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಸಮುದಾಯ ಭವನ, ಅಪಾರ್ಟ್‌ಮೆಂಟಿನ ಸಭಾಂಗಣ ಯಾವುದಾದರೂ ಆದೀತು. ಒಂದೇ ಜಾತಿಯ ಅಥವಾ ಪಕ್ಷದ ಜನ ಸೇರುವ ಜಾಗವನ್ನು ಮಾತ್ರ ಬಿಟ್ಟುಬಿಡಿ. ಉಳಿದವರು ಅಲ್ಲಿಗೆ ಕಾಲಿಡುವುದಿಲ್ಲ.

ಹೊತ್ತು ಗೊತ್ತುಮಾಡುವಾಗ

ಹಾಜರಾತಿ ನಿರ್ಧಾರವಾಗುವುದು ಇಲ್ಲೇ. ಹೈನುಗಾರಿಕೆ ಇರುವ ಊರಾದರೆ ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಇಡಿ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ತಾಯಂದಿರಿಗೆ ಭಾನುವಾರ ಬೆಳಗೆಂದರೆ ವಾರದ ಬಟ್ಟೆ ಒಗೆಯುವ ಹೊತ್ತು, ಅವರಿಗೆ ಮಧ್ಯಾಹ್ನವೇ ಸರಿ. ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿ ಕೊಯ್ಲು, ಬಯಲುಸೀಮೆಯಲ್ಲಿ ಸುಗ್ಗಿ ಇರುವಾಗ ಕರೆಯಲೇಬೇಡಿ. ಎರಡು ಗಂಟೆಗಿಂತ ಹೆಚ್ಚು ಎಳೆಯಬೇಡಿ.

ಎಲ್ಲ ವಯಸ್ಸಿನ ಮಕ್ಕಳ ಪೋಷಕರನ್ನು ಒಟ್ಟಿಗೆ ಕೂರಿಸಿದರೆ ಯಾರಿಗೂ ಏನೂ ದಕ್ಕುವುದಿಲ್ಲ. ಆರು ವರ್ಷದೊಳಗಿನವರಿಗೆ ಅಂಗನವಾಡಿಯಲ್ಲಿ, ಪ್ರಾಥಮಿಕ ಶಾಲೆಯವರಿಗೆ ಬೇರೆ, ಎಂಟನೇ ತರಗತಿಯಿಂದ ಪಿಯುಸಿವರೆಗಿನವರಿಗೆ ಬೇರೆ ಗುಂಪು ಮಾಡಿ. ಕಂಕುಳ ಕೂಸು ಹೊತ್ತು ಬರುವ ತಾಯಂದಿರಿಗಾಗಿ ಪಕ್ಕದ ಕೊಠಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಕಾಲೇಜಿನ ಎನ್ಎಸ್ಎಸ್ ವಿದ್ಯಾರ್ಥಿಗಳನ್ನು ಕೇಳಿ. ಅವರ ಜೊತೆ ದೊಡ್ಡವರೊಬ್ಬರು ಕಡ್ಡಾಯವಾಗಿ ಇರಬೇಕು.

ಕರೆಯುವ ಬಗೆ

‘ಮಕ್ಕಳನ್ನು ಬೆಳೆಸುವುದು ಹೇಗೆ?’ ಎಂದು ಕರಪತ್ರ ಹಂಚಿದರೆ, ನಮಗೆ ಬರುವುದಿಲ್ಲ ಅಂತಾನಾ ಎಂದು ಜನ ಮುಖ ತಿರುಗಿಸುತ್ತಾರೆ. ‘ಫೋನ್ ಜಗಳ, ಓದಿನ ಜಗಳ: ಕೂತು ಮಾತಾಡೋಣ ಬನ್ನಿ’ ಎಂದು ಬರೆಯಿರಿ. ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಕೈತೊಳೆದುಕೊಳ್ಳಬೇಡಿ. ನಿಜವಾಗಿ ಬರಬೇಕಾದವರ ಕೈಯಲ್ಲಿ ಎಷ್ಟೋ ಸಲ ಆ ಫೋನೇ ಇರುವುದಿಲ್ಲ. ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದವರು ಮನೆಗೆ ಹೋಗಿ ಹೇಳಿದರೆ ಅದರ ತೂಕವೇ ಬೇರೆ.

ತಂದೆಯರನ್ನು ಹೆಸರು ಹಿಡಿದು ಕರೆಯಿರಿ. ‘ಪೋಷಕರು ಬನ್ನಿ’ ಎಂದರೆ ನಮ್ಮಲ್ಲಿ ತಾಯಂದಿರು ಮಾತ್ರ ಬರುತ್ತಾರೆ. ಅಜ್ಜ ಅಜ್ಜಿಯರಂತೂ ಬೇಕೇ ಬೇಕು. ಅಪ್ಪ ಅಮ್ಮ ದುಡಿಯಲು ಹೋದ ಮನೆಯಲ್ಲಿ ಇಡೀ ದಿನ ಮಗುವಿನ ಜೊತೆಗಿರುವವರು ಅವರು. ಸಭೆಯಲ್ಲಿ ಸೊಸೆ ಕಲಿತದ್ದನ್ನು ಅತ್ತೆ ಒಪ್ಪದಿದ್ದರೆ ಅದು ಹೊಸ್ತಿಲು ದಾಟುವುದಿಲ್ಲ.

ಯಾರು ಬಂದು ಹೇಳಿಕೊಡುತ್ತಾರೆ?

ಹಣ ಕೇಳದೆ ಬರಬಲ್ಲವರು ನಮ್ಮ ಆಸುಪಾಸಿನಲ್ಲೇ ಇದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಇರುವ ಸ್ನೇಹ ಕ್ಲಿನಿಕ್‌ನ ಆಪ್ತಸಮಾಲೋಚಕರನ್ನು ವೈದ್ಯಾಧಿಕಾರಿಗೆ ಪತ್ರ ಕೊಟ್ಟು ಕರೆಸಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಪ್ರತಿ ಜಿಲ್ಲೆಯಲ್ಲಿದೆ. ಅಂದಹಾಗೆ, 1996ರಲ್ಲಿ ದೇಶದಲ್ಲಿ ಈ ಕಾರ್ಯಕ್ರಮ ಶುರುವಾದದ್ದೇ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ಮೊದಲು ನಡೆಸಿ ತೋರಿಸಿದ್ದ ಮಾದರಿಯ ಮೇಲೆ. ಮಕ್ಕಳ ಕಾನೂನಿನ ಬಗ್ಗೆ ಹೇಳಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಬರೆಯಿರಿ, ವಕೀಲರನ್ನು ಉಚಿತವಾಗಿ ಕಳಿಸುತ್ತಾರೆ.

‘ನಾವೇ ಉಚಿತವಾಗಿ ನಡೆಸಿಕೊಡುತ್ತೇವೆ’ ಎಂದು ತಾವಾಗಿ ಬರುವವರ ಬಗ್ಗೆ ಎಚ್ಚರವಿರಲಿ. ಕೋಚಿಂಗ್ ಸೇರಿಸಿ, ಆ್ಯಪ್ ಕೊಳ್ಳಿ, ಕಣ್ಣು ಕಟ್ಟಿಕೊಂಡು ಓದಿಸುತ್ತೇವೆ ಎನ್ನುವವರು ಕೊನೆಗೆ ಪೋಷಕರ ಫೋನ್ ನಂಬರ್ ಬರೆದುಕೊಂಡು ಹೋಗುತ್ತಾರೆ. ಮಾರಾಟವಿಲ್ಲ, ನಂಬರ್ ಪಡೆಯುವಂತಿಲ್ಲ ಎಂದು ಮೊದಲೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ.

ವೇದಿಕೆ, ಹಾರ, ಶಾಲು, ಸ್ವಾಗತ ಭಾಷಣಗಳೂ ಬೇಡ. ಅದರಲ್ಲೇ ಒಂದು ಗಂಟೆ ಕಳೆದು, ಪೋಷಕರು ಬಾಯಿ ಬಿಡುವ ಹೊತ್ತಿಗೆ ಊಟದ ಸಮಯವಾಗಿರುತ್ತದೆ. ಅತಿಥಿಯೂ ಜಮಖಾನದ ಮೇಲೆ ಸುತ್ತಾಗಿ ಎಲ್ಲರ ಜೊತೆ ಕೂರಲಿ.

ಎರಡು ಗಂಟೆಯಲ್ಲಿ ಏನು?

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಂಶೋಧಕರು ಪುಟ್ಟ ಮಕ್ಕಳ ಪೋಷಕರಿಗೆ ನೀಡಿದ ತರಬೇತಿಗಳ ಮೇಲಿನ 77 ಅಧ್ಯಯನಗಳನ್ನು 2008ರಲ್ಲಿ ಒಟ್ಟಾಗಿ ಪರಿಶೀಲಿಸಿದರು. ಹೆಚ್ಚು ಪರಿಣಾಮ ಕಂಡ ತರಬೇತಿಗಳಲ್ಲಿ ಮುಖ್ಯವಾದ ಒಂದು ಲಕ್ಷಣವಿತ್ತು: ಪೋಷಕರು ಹೊಸ ನಡೆಯನ್ನು ಅಲ್ಲೇ ಮಕ್ಕಳೊಂದಿಗೆ ಮಾಡಿ ಕಲಿಯುತ್ತಿದ್ದರು. ಆದ್ದರಿಂದ ಒಂದು ಸಭೆಗೆ ಒಂದೇ ವಿಷಯ ಇಟ್ಟುಕೊಂಡು, ಅದನ್ನು ಮಾಡಿಸಿಯೇ ಕಳಿಸಿ. ಸಭೆಗೆ ಮಕ್ಕಳನ್ನು ಕರೆತರಲಾಗದಿದ್ದರೆ ಪಾತ್ರ ಕಟ್ಟಿ ಆಡಿಸಬಹುದು.

ಫೋನ್ ಜಗಳವನ್ನೇ ತೆಗೆದುಕೊಳ್ಳಿ. ಒಬ್ಬ ತಂದೆ ಒಂಬತ್ತನೇ ತರಗತಿಯ ಮಗನಾಗಲಿ, ಇನ್ನೊಬ್ಬರು ಅಮ್ಮನಾಗಲಿ. ಮನೆಯಲ್ಲಿ ನಡೆಯುವಂತೆಯೇ ಮೊದಲು ಆಡಲಿ.

“ಬಂದಾಗಿಂದ ಅದನ್ನೇ ಹಿಡ್ಕೊಂಡಿದ್ದೀಯಲ್ಲೋ. ಇಡು ಅತ್ಲಾಗೆ.”

“ಐದೇ ನಿಮಿಷ ಕಣಮ್ಮ.”

“ಆಗ್ಲೂ ಐದು ನಿಮಿಷ ಅಂದೆ. ಪಕ್ಕದ ಮನೆ ಹುಡುಗನ್ನ ನೋಡಿ ಕಲಿ ಸ್ವಲ್ಪ.”

“ಹಂಗಾದ್ರೆ ಅವನನ್ನೇ ಮಗ ಅಂತ ಇಟ್ಕೋ.”

ಇಲ್ಲಿಗೆ ನಿಲ್ಲಿಸಿ, ಮಗನಾದ ತಂದೆಯನ್ನು ಕೇಳಿ: ನಿಮಗೆ ಸಿಟ್ಟು ಬಂದದ್ದು ಯಾವ ಮಾತಿಗೆ? ಫೋನ್ ಇಡು ಎಂದದ್ದಕ್ಕಿಂತ ಪಕ್ಕದ ಮನೆಯವನ ಹೋಲಿಕೆಯೇ ಚುಚ್ಚಿತು ಎಂದು ಹೆಚ್ಚಿನವರು ಹೇಳುತ್ತಾರೆ. ಈ ಮಾತು ಇನ್ನೊಬ್ಬ ತಂದೆಯ ಬಾಯಿಂದ ಬಂದಾಗ ಕೂತವರಿಗೆ ನಾಟುವಷ್ಟು ಯಾವ ತಜ್ಞರ ಉಪನ್ಯಾಸವೂ ನಾಟುವುದಿಲ್ಲ. ಈಗ ಎರಡನೇ ಸಲ. ಅಮ್ಮ ಅಡುಗೆಮನೆಯಿಂದ ಕೂಗದೆ ಹತ್ತಿರ ಬಂದು ಕೂರಲಿ.

“ಯಾವ ಆಟನಪ್ಪ ಇದು? ಎಷ್ಟೊತ್ತಿಗೆ ಮುಗಿಯುತ್ತೆ?”

“ಈ ಮ್ಯಾಚ್ ಮುಗೀಲಿ. ಹತ್ತು ನಿಮಿಷ.”

“ಸರಿ. ಆಮೇಲೆ ಟಿ.ವಿ. ಪಕ್ಕ ಇಡು, ನನ್ನದೂ ಅಲ್ಲೇ ಇಡ್ತೀನಿ. ಊಟಕ್ಕೆ ಕೂರೋಣ.”

ಹತ್ತು ನಿಮಿಷವಾದರೂ ಇಡದಿದ್ದರೆ? ಯಾರಾದರೂ ಕೇಳಿಯೇ ಕೇಳುತ್ತಾರೆ, ಅದನ್ನೂ ಆಡಿಸಿ. ಕಿತ್ತುಕೊಳ್ಳುವುದು, ಕೂಗಾಡುವುದು ಬೇಡ. ‘ಇವತ್ತು ಮೀರಿದ ಹತ್ತು ನಿಮಿಷ ನಾಳೆ ಕಡಿಮೆ’ ಎಂದು ಹೇಳಿ, ಮರುದಿನ ಅಷ್ಟನ್ನೇ ಕಡಿಮೆ ಮಾಡಬೇಕು. ಒಂದು ದಿನ ಹೇಳಿ ಮರುದಿನ ಬಿಟ್ಟರೆ, ಅಪ್ಪ ಬೇಡವೆಂದದ್ದನ್ನು ಅಜ್ಜಿ ಕೊಟ್ಟರೆ, ಈ ನಿಯಮ ನಿಲ್ಲುವುದಿಲ್ಲ.

ಪುಟ್ಟ ಮಕ್ಕಳ ಗುಂಪಿಗೆ ಪರದೆಯ ಲೆಕ್ಕ ಸ್ಪಷ್ಟವಾಗಿ ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಎರಡು ವರ್ಷದೊಳಗಿನವರಿಗೆ ಪರದೆ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕೂ ಕಡಿಮೆಯಾದಷ್ಟು ಒಳ್ಳೆಯದು. ತುತ್ತು ಉಣಿಸಲು ಫೋನ್ ಕೊಡುವ ಅಭ್ಯಾಸದಿಂದಲೇ ಮಾತು ಶುರುಮಾಡಬಹುದು.

ದೊಡ್ಡ ಮಕ್ಕಳ ಪೋಷಕರ ಜೊತೆ ನಿದ್ದೆಯ ಬಗ್ಗೆ ತಪ್ಪದೆ ಮಾತಾಡಿ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ಮುಂದಕ್ಕೆ ಸರಿದು, ರಾತ್ರಿ ನಿದ್ದೆ ತಡವಾಗಿ ಹತ್ತುತ್ತದೆ. ಬೆಳಗಿನ ನಾಲ್ಕಕ್ಕೆ ಎಬ್ಬಿಸಿ ಓದಲು ಕೂರಿಸಿ, ತೂಕಡಿಸಿದರೆ ಸೋಮಾರಿ ಎಂದು ಬೈಯುವ ಮನೆಗಳಿಗೆ ಇದು ಗೊತ್ತಾಗಲೇಬೇಕು. ಫೋನ್, ಆಟದ ಗೀಳು ಊಟ ನಿದ್ದೆಯನ್ನೇ ಕೆಡಿಸಿದ್ದರೆ ಅದು ಕಾರ್ಯಾಗಾರದಲ್ಲಿ ಬಗೆಹರಿಯುವಂಥದ್ದಲ್ಲ. ಅಂಥವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಕ್ಲಿನಿಕ್ ನಡೆಯುತ್ತಿದೆ.

ಸಭೆಯ ಕಟ್ಟುಪಾಡು

ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು ಎಂದು ಮೊದಲ ದಿನವೇ ಎಲ್ಲರಿಂದ ಒಪ್ಪಿಗೆ ಪಡೆಯಿರಿ. ಫೋಟೊ, ವಿಡಿಯೊ ಬೇಡ. ಶಿಕ್ಷಕರು ಯಾವ ಮಗುವಿನ ಹೆಸರನ್ನೂ ಎತ್ತಿ ದೂರು ಹೇಳಕೂಡದು. ಹಾಗೆ ಒಮ್ಮೆ ಆದರೂ ಆ ಮಗುವಿನ ತಾಯಿ ಮತ್ತೆ ಬರುವುದಿಲ್ಲ, ಮನೆಯಲ್ಲಿ ಮಗುವಿಗೆ ಏಟೂ ಬಿದ್ದಿರುತ್ತದೆ.

ಗುಟ್ಟು ಕಾಪಾಡುವ ಈ ಮಾತಿಗೆ ಒಂದು ಮಿತಿ ಇದೆ, ಅದನ್ನೂ ಆಗಲೇ ತಿಳಿಸಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಯಾರಾದರೂ ಹೇಳಿಕೊಂಡರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಹಾಗೆ ಹೇಳಿಕೊಂಡವರನ್ನು ಎಲ್ಲರೆದುರು ಪ್ರಶ್ನಿಸದೆ, ಪಕ್ಕಕ್ಕೆ ಕರೆದು ಕೂರಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಜೊತೆಯಲ್ಲೇ ಕರೆಮಾಡಿ. ಸಭೆ ನಡೆಸುವ ಮೂವರಲ್ಲಿ ಈ ಕೆಲಸ ಯಾರದು ಎಂಬುದು ಸಭೆಗೆ ಮುಂಚೆಯೇ ಗೊತ್ತಾಗಿರಬೇಕು.

ಮನೆಗೆ ಒಂದು ಕೆಲಸ, ಮತ್ತೆ ಭೇಟಿ

ಒಂದೇ ದಿನದ ಕಾರ್ಯಾಗಾರಕ್ಕಿಂತ ಹದಿನೈದು ದಿನಕ್ಕೊಮ್ಮೆಯಂತೆ ನಾಲ್ಕು ಸಭೆ ಇಟ್ಟುಕೊಳ್ಳಿ. ಪ್ರತಿ ಸಲ ಒಂದೇ ಒಂದು ಮನೆಗೆಲಸ ಕೊಟ್ಟು ಕಳಿಸಿ. ಮೊದಲ ಸಲಕ್ಕೆ ಇದು ಸಾಕು: ದಿನಕ್ಕೆ ಹತ್ತು ನಿಮಿಷ ಮಗು ಆರಿಸಿದ ಆಟ ಅಥವಾ ಮಾತಿನಲ್ಲಿ ಜೊತೆಯಾಗುವುದು, ಆ ಹತ್ತು ನಿಮಿಷ ಓದಿನ ವಿಚಾರ ಎತ್ತದಿರುವುದು. ಮುಂದಿನ ಸಭೆಯಲ್ಲಿ ಹೊಸ ವಿಷಯಕ್ಕೆ ಮೊದಲು, ಮಾಡಲಾಯಿತೇ, ಎಲ್ಲಿ ತೊಡಕಾಯಿತು ಎಂದು ಎಲ್ಲರನ್ನೂ ಕೇಳಿ. ಆಗಲಿಲ್ಲ ಎಂದವರನ್ನು ಗದರಿಸಬೇಡಿ. ರಾತ್ರಿ ಒಂಬತ್ತಕ್ಕೆ ಕೆಲಸದಿಂದ ಬರುವ ಅಪ್ಪನಿಗೆ ಆ ಹತ್ತು ನಿಮಿಷ ಬೆಳಿಗ್ಗೆ ಶಾಲೆಗೆ ಬಿಡುವ ದಾರಿಯಲ್ಲಿ ಸಿಗಬಹುದು. ಇಂಥ ದಾರಿಯನ್ನು ಅಲ್ಲಿ ಕೂತ ಇತರರೇ ತೋರಿಸುತ್ತಾರೆ.

ಖರ್ಚೆಂದರೆ ಟೀ, ಅವಲಕ್ಕಿ, ಒಂದಷ್ಟು ಹಾಳೆ. ಸಂಘದವರೋ ಹಳೆಯ ವಿದ್ಯಾರ್ಥಿಗಳೋ ಕೊಟ್ಟಾರು. ಬಂದವರಿಂದ ಐದು ರೂಪಾಯಿಯನ್ನೂ ಕೇಳಬೇಡಿ, ತೀರಾ ಬೇಕಾದವರು ಅಷ್ಟಕ್ಕೇ ಹಿಂದೆ ಸರಿಯುತ್ತಾರೆ.

ಮಕ್ಕಳನ್ನು ಕೇಳುವ ಕೆಲಸ ನಾಲ್ಕನೇ ಸಭೆಗೆ ಮುಂಚೆ ಆಗಲಿ. ಹೆಸರು ಬರೆಯದ ಚೀಟಿಯಲ್ಲಿ ಎರಡೇ ಪ್ರಶ್ನೆ: ಈಚೆಗೆ ಮನೆಯಲ್ಲಿ ಏನು ಬದಲಾಗಿದೆ? ಇನ್ನೇನು ಬದಲಾಗಬೇಕು? ಚೀಟಿಗಳನ್ನು ಸಭೆಗೆ ಮುಂಚೆಯೇ ಓದಿ. ಹಿಂಸೆಯ ಸುಳಿವಿದ್ದರೆ ಅದನ್ನು ಬದಿಗಿಟ್ಟು 1098ರವರ ಸಲಹೆ ಕೇಳಿ. ಉಳಿದವನ್ನು ಬೆರೆಸಿ, ಯಾವ ಮನೆಯದು ಎಂದು ಗುರುತು ಸಿಗದಂತೆ ಪೋಷಕರೆದುರು ಓದಿ, ಮುಂದಿನ ನಾಲ್ಕು ಸಭೆಗಳ ವಿಷಯವನ್ನು ಅದರಿಂದಲೇ ಆರಿಸಿ. ಕರಿಹಲಗೆಯ ಮೇಲೆ 1098ರ ಕೆಳಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ದೊಡ್ಡದಾಗಿ ಬರೆದಿಡಿ. ಅಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ, ಕರೆ ಉಚಿತ. ಮಕ್ಕಳಷ್ಟೇ ಅಲ್ಲ, ಸೋತು ಸುಸ್ತಾದ ತಾಯಿ ತಂದೆಯೂ ಅದಕ್ಕೆ ಕರೆಮಾಡಬಹುದು ಎಂದು ಪ್ರತಿ ಸಭೆಯಲ್ಲೂ ಬಾಯಿಬಿಟ್ಟು ಹೇಳಿ.